ಪುಸ್ತಕದ ಕಾಕ ಚುನಾವಣೆಗೆ ನಿಂತದ್ದು

ಹೋದ ವಾರ ನಮ್ಮ ಕಂಪೌಂಡ್ ಗೋಡೆಗೆ ಯಾರೋ ಚುನಾವಣೆಯ ಪೋಸ್ಟರ್ ಹಚ್ಚಿ ಹೋಗಿದ್ದರು. ಬೈಯಲೆಂದೇ ಹೊರಗೆ ಬಂದವಳ ಮೂಗಿಗೆ ಮೈದಾ ಅಂಟಿನ ಹುಳಿ ವಾಸನೆ ಬಡಿಯಿತು. ಬೈಗುಳ ಅಲ್ಲೇ ನಿಂತಿತು. ಬೆಳ್ಳಾರೆ ಪೇಟೆಯಲ್ಲಿ ಪುಸ್ತಕದ ಕಾಕನ ಅಂಗಡಿಗೆ ಕಾಲಿಟ್ಟರೆ ಮೊದಲು ಬರುತ್ತಿದ್ದದ್ದು ಹರಿದ ಪುಸ್ತಕಗಳಿಗೆ ಹಚ್ಚುವ ಅಂಟಿನ ಇದೇ ವಾಸನೆ...

ಎಂಬತ್ತರ ದಶಕದ ಮಾತು. ನಾನು ಪಕ್ಕದ ಕೋಣೆಯಲ್ಲಿ ರವಕೆ ಹೊಲಿಯುತ್ತಿದ್ದೆ. ಕಾಕ ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು. ಅವರ ತಮ್ಮಂದಿರೆಲ್ಲ ಗಲ್ಫಿಗೆ ಹೋದರೂ ಇವರು ಮಾತ್ರ ಚಿತ್ರಕಥೆ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಾ ಇಲ್ಲೇ ಕೂತಿದ್ದರು. ಕೊಟ್ಟ ಪುಸ್ತಕ ವಾಪಸು ಬರಬೇಕಲ್ಲ, ಅದಕ್ಕೆ ಅವರದೇ ಒಂದು ಕ್ರಮವಿತ್ತು. ಪ್ರತಿ ಪುಸ್ತಕದ ಕೊನೆಯ ಹಾಳೆಯನ್ನು ಬಿಡಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಪುಸ್ತಕ ಹಿಂದಿರುಗಿಸಿದವರಿಗೆ ಆ ಹಾಳೆಯನ್ನು ಅಲ್ಲೇ ನಿಂತು ಓದಲು ಕೊಡುತ್ತಿದ್ದರು. ಖಳ ಸಿಕ್ಕಿಬಿದ್ದನೋ ಇಲ್ಲವೋ ತಿಳಿಯಬೇಕಲ್ಲ, ಪುಸ್ತಕ ತಾನಾಗಿಯೇ ಓಡಿ ಬರುತ್ತಿತ್ತು.

ಅಂಗಡಿಯ ಮುಂದೆ ಒಂದು ಬೆಂಚು. ಅದರ ಮೇಲೆ ಮೀಸೆ ಬಂದ, ಕೆಲವರಿಗೆ ಮದುವೆಯೂ ಆದ ಗಂಡಸರು. ಆ ಕಥೆಗಳ ಹಾರುವ ವೀರ ದೊಡ್ಡವನೋ ಚಾಟಿ ಹಿಡಿದವನು ದೊಡ್ಡವನೋ ಎಂದು ಜಗಳಾಡಿ ಮಾತು ಬಿಟ್ಟವರೂ ಇದ್ದರು. ನಾನೂ ಆ ಪುಸ್ತಕಗಳನ್ನು ಓದುತ್ತೇನೆ ಎಂದರೆ ಅವರಿಗೆ ನಗು. "ಹಾಗಾದ್ರೆ ಚಾಟಿಯವನ ಬೆಲ್ಟಿನ ಬಣ್ಣ ಎಂತ ಹೇಳಿ ನೋಡುವ?" ಎಂದು ಒಬ್ಬ ಪರೀಕ್ಷೆ ಇಟ್ಟಿದ್ದ. ಪುಸ್ತಕವೆಲ್ಲ ಕಪ್ಪು ಬಿಳುಪು, ರಕ್ಷಾಪುಟ ಎಂದೋ ಹರಿದುಹೋಗಿತ್ತು. ಬಣ್ಣ ಎಲ್ಲಿಂದ ತರಲಿ? ನನಗೆ ಕಥೆ ಸಾಕಿತ್ತು, ಅವರಿಗೆ ಬೆಲ್ಟು ಬೇಕಿತ್ತು. ಇಂಥವರ ಜೊತೆ ವಾದಿಸುವುದಕ್ಕಿಂತ ಕಾಜ ಹೊಲಿಯುವುದೇ ಮೇಲು ಎಂದು ಒಳಗೆ ಹೋಗುತ್ತಿದ್ದೆ.

ಆ ಹೊತ್ತಿಗೆ ಮೇಲಿನ ಗುಡ್ಡದಲ್ಲಿ ಒಂದು ಪ್ಲೈವುಡ್ ಕಂಪೆನಿ ಶುರುವಾಗಿತ್ತು. ಅದರ ಕೊಳಕು ನೀರು ಕೆಳಗೆ ಹರಿಯುವ ತೋಡಿಗೆ ಇಳಿದು ತೋಡಿನ ಬದಿಯ ಬಾವಿಗಳಿಗೆ ಸೇರಿತು. ಮೊದಲು ಕೆಟ್ಟದ್ದು ಕಾಕನ ಮನೆಯ ಬಾವಿ. ಮುಖ ತೊಳೆದರೆ ಕಣ್ಣು ಉರಿ, ಅನ್ನ ಬೇಯಿಸಿದರೆ ವಾಸನೆ. ಅವರ ಹೆಂಡತಿ ಗುಡ್ಡ ಹತ್ತಿ ಇಳಿದು ನೀರು ಹೊತ್ತು ತರುತ್ತಿದ್ದರು. ಕಾಕ ಎಲ್ಲ ಕಚೇರಿಗಳಿಗೂ ಅಲೆದರು. ಕೊನೆಗೆ ಮಂಡಲ ಪಂಚಾಯತಿ ಚುನಾವಣೆ ಬಂದಾಗ ತಾವೇ ನಿಂತರು.

"ನಿಮಗೆ ಯಾಕೆ ಕಾಕ ಈ ಉಸಾಬರಿ?" ಎಂದು ಕೇಳಿದೆ.

"ಅಲ್ಲಿ ಒಬ್ಬನಾದ್ರೂ ಬೇಡ ಹೇಳಿ ಕೈ ಎತ್ತಬೇಕಲ್ಲ ಮಾರಾಯ್ತಿ. ನೀರಿಲ್ಲದೆ ಮನೆ ಬಿಟ್ಟು ಹೋಗುದಾ?"

ಬೆಂಚಿನವರು ಅವರ ಕೈ ಹಿಡಿದು, "ನಮ್ಮ ಬೆಂಚು ಪೂರಾ ನಿಮಗೇ ಕಾಕ" ಎಂದರು. ಕಾಕ ನಂಬಿದರು. ದಿನವಿಡೀ ನ್ಯಾಯಕ್ಕೆ ಹೋರಾಡುವವರ ಕಥೆ ಓದಿದವರು, ಯಾಕೆ ನಂಬಬಾರದು?

ಎದುರು ನಿಂತವನು ಕಂಪೆನಿಗೆ ಮರ ಸಾಗಿಸುವ ಲಾರಿಗಳ ಮಾಲಕ. ಖರ್ಚೆಲ್ಲ ಕಂಪೆನಿಯದ್ದೆಂದು ಊರಿಗೇ ಗೊತ್ತಿತ್ತು. ಮತದಾನಕ್ಕೆ ಸ್ವಲ್ಪ ದಿನ ಇರುವಾಗ ಲಾರಿಯಲ್ಲಿ ಪುಸ್ತಕದ ಕಟ್ಟುಗಳು ಬಂದವು. ಮಿರಿಮಿರಿ ಕಾಗದ, ಒಳಗೆಲ್ಲ ಬಣ್ಣದ ಚಿತ್ರಕಥೆ. ಲಾರಿ ಮಾಲಕನೇ ನಾಯಕ, ಅವನಿಗೆ ಹುಟ್ಟಿನಲ್ಲಿ ಇಲ್ಲದ ಭುಜಗಳು. ತೋಡಿಗೆ ವಿಷ ಹಾಕುವ ಖಳ ಒಬ್ಬ ಗಡ್ಡದ ಮುದುಕ, ಅವನ ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಕೊನೆಯ ಹಾಳೆ ಮಾತ್ರ ಇರಲಿಲ್ಲ. ಕಾಕನ ಕ್ರಮವನ್ನೇ ಕಾಕನ ಮೇಲೆ ತಿರುಗಿಸಿದ್ದರು. ಮತದಾನದ ದಿನ ಕಂಪೆನಿಯ ಚಪ್ಪರಕ್ಕೆ ಬಂದು, ತೆಂಗಿನಕಾಯಿ ಮುಟ್ಟಿ, ಮತ ಲಾರಿ ಮಾಲಕನಿಗೇ ಎಂದು ದೈವದ ಹೆಸರಲ್ಲಿ ಮಾತು ಕೊಟ್ಟವರಿಗೆ ಮಾತ್ರ ಕೊನೆಯ ಹಾಳೆ.

ಕಾಕ ಆ ಪುಸ್ತಕವನ್ನು ನನ್ನ ಕೋಣೆಗೆ ತಂದರು. ಗಿರಾಕಿಗಳ ಕನ್ನಡಿಯಲ್ಲಿ ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿಕೊಂಡರು.

"ನನ್ನ ಮೂಗು ಇಷ್ಟು ಉದ್ದ ಉಂಟಾ?"

ನಾನು ಇಲ್ಲವೆಂದೆ.

ಮತದಾನದ ದಿನ ಬೆಂಚು ಪೂರಾ ಚಪ್ಪರದಲ್ಲಿತ್ತು. ನನಗೆ ಬಣ್ಣದ ಪರೀಕ್ಷೆ ಇಟ್ಟಿದ್ದ ಆ ಬೆಲ್ಟಿನವ ನನ್ನನ್ನು ಕಂಡು ಮುಖ ತಪ್ಪಿಸಲೂ ಇಲ್ಲ. "ಕೊನೆ ಪೇಜ್ ಇಲ್ಲದ ಪುಸ್ತಕ ಇಟ್ಕೊಂಡು ಎಂತ ಮಾಡುದು? ಇದು ಮತ್ತೆ ಎಲ್ಲಿಯೂ ಸಿಗುದಿಲ್ಲ" ಎಂದ. ದೈವಕ್ಕೆ ಕೊಟ್ಟ ಮಾತನ್ನು ನಮ್ಮ ಕಡೆ ಯಾರೂ ಮೀರುವುದಿಲ್ಲ. ಕಾಕನಿಗೆ ಕೊಟ್ಟ ಮಾತು ಬಾಯಿಮಾತು, ಅದಕ್ಕೆ ಕಾಯಿ ಮುಟ್ಟಿರಲಿಲ್ಲ.

ಕಾಕ ಸೋತರು. ಹೀನಾಯವಾಗಿ ಸೋತರು. ಮರುದಿನ ಬೆಂಚಿನವರು ಏನೂ ಆಗದವರ ಹಾಗೆ ಪುಸ್ತಕಕ್ಕೆ ಬಂದರು. ಕಾಕ ಅಂಟಿನ ಬಟ್ಟಲು ಹಿಡಿದು ಕೂತಿದ್ದರು. ಡಬ್ಬಿಯ ಹಾಳೆಗಳನ್ನು ಒಂದೊಂದಾಗಿ ಅದರದರ ಪುಸ್ತಕಕ್ಕೆ ಅಂಟಿಸುತ್ತಿದ್ದರು.

"ತಕೊಂಡು ಹೋಗಿ. ಇನ್ನು ವಾಪಸು ತರುದು ಬೇಡ" ಎಂದರು.

ಅವರು ನಿಜಕ್ಕೂ ತೆಗೆದುಕೊಂಡು ಹೋದರು. ಒಳ್ಳೆಯ ಪ್ರತಿಗಳಿಗೆ ಕಿತ್ತಾಡಿದರು ಕೂಡ. ಕಾಕ ಮನೆಗೆ ಬೀಗ ಹಾಕಿ ಆಲಂಕಾರಿನಲ್ಲಿ ಹೆಂಡತಿಯ ತವರಿಗೆ ಹೋದರು. ಹೊರಡುವಾಗ ಹೇಳಿ ಹೋದರೋ ಇಲ್ಲವೋ... ನೆನಪಾಗುವುದಿಲ್ಲ. ಅವರು ತೀರಿಕೊಂಡದ್ದು ನನಗೆ ತಿಳಿದದ್ದೂ ಬಹಳ ತಡವಾಗಿ. ಆಗಲೂ ಅಳು ಬರಲಿಲ್ಲ.

ಪೋಸ್ಟರ್ ಕಿತ್ತು ಹಾಕಿದ ಸಂಜೆಯೇ ಪುತ್ತೂರಿನಿಂದ ಬೆಲ್ಟಿನವನ ಫೋನು ಬಂತು. ಈಗ ಅಜ್ಜನಾಗಿದ್ದಾನೆ. ಅಂದು ಕಾಕನ ಅಂಗಡಿಯಿಂದ ಹೊತ್ತೊಯ್ದ ಹಳೆಯ ಚಿತ್ರಕಥೆಗಳ ಪ್ರದರ್ಶನ ಇಡುತ್ತಾನಂತೆ. ಯಾವ ಸಂಚಿಕೆಯಲ್ಲಿ ಚಾಟಿಯವನ ಕುದುರೆ ಸತ್ತಿತು ಎಂಬುದನ್ನು ಕೂಡ ಒಂದೇ ಉಸಿರಿಗೆ ಹೇಳಿದ. ಆಮೇಲೆ ದನಿ ತಗ್ಗಿಸಿ, "ಪುಸ್ತಕ ಸಿಕ್ಕಿದ್ದು ಎಲ್ಲಿಂದ ಹೇಳಿ ಚೀಟಿ ಬರೀಬೇಕು. ಆ ನಮ್ಮ ಕಾಕನ ಹೆಸರು ಎಂತ ಮಾರಾಯ್ರೆ?" ಎಂದು ಕೇಳಿದ.

ನನಗೆ ಗೊತ್ತಿತ್ತು. ಮತಪತ್ರದಲ್ಲಿ ಆ ಹೆಸರನ್ನು ಓದಿ, ಅದರ ಎದುರಿಗೇ ಮುದ್ರೆ ಒತ್ತಿದವಳು ನಾನು. ನೆನಪಿಲ್ಲ ಎಂದು ಹೇಳಿ ಫೋನಿಟ್ಟೆ.