ಶ್ರಾವಣ ಶನಿವಾರದ ಕ್ರೀಮ್ ರೋಲ್

ಕ್ರೀಮ್ ರೋಲ್ ಕೊಂಡರೆ ನೇರ ಮನೆಗೆ ಬರಬೇಕು. ಗಾಳಿಯಾಡದಂತೆ ಸುತ್ತಿ, ಫ್ರಿಜ್ಜಿನಲ್ಲಿ ಬಾಗಿಲಿನಿಂದ ದೂರ, ಹಿಂಬದಿಗೆ ಇಡಬೇಕು. ಮರುದಿನದೊಳಗೆ ಮುಗಿಸಬೇಕು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನೋಡಿಕೊಂಡವನು ನಾನು. ಬಿಸಿಲಿಗೆ ಕುಳಿತ ಕ್ರೀಮನ್ನು ಮತ್ತೆ ತಣ್ಣಗೆ ಮಾಡಿದರೆ ಮೊದಲಿನಂತೆಯೇ ಕಾಣುತ್ತದೆ, ಮೊದಲಿನ ರುಚಿಯೇ ಇರುತ್ತದೆ. ಭಯ ಇರುವುದು ಅಲ್ಲೇ.

ಮಗಳು ಏಳು ತಿಂಗಳ ಬಸುರಿಯಾಗಿ ದೊಡ್ಡನೆಕ್ಕುಂದಿಯ ನಮ್ಮ ಮನೆಗೆ ಬಂದಿದ್ದಳು. ಹಿಂದಿನ ಬಸಿರು ನಿಂತಿರಲಿಲ್ಲ. ಈ ಸಲ ವಾಂತಿ, ಭೇದಿ, ಜ್ವರ ಯಾವುದೂ ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಅವಳ ತಾಯಿ ತೀರಿಕೊಂಡಿದ್ದರಿಂದ ಆರೈಕೆಗೆ ಆನೇಕಲ್ಲಿನಿಂದ ನನ್ನ ಅಕ್ಕ ಬಂದಿದ್ದಳು.

ಶುಕ್ರವಾರ ಸಂಜೆ ಮಗಳಿಗೆ ಕ್ರೀಮ್ ರೋಲಿನ ಬಯಕೆಯಾಯಿತು. ನಾಲ್ಕು ತಂದೆ. ಒಂದು ತಿಂದಳು. ಉಳಿದದ್ದನ್ನು ಬೇಕರಿಯ ಪೆಟ್ಟಿಗೆಯ ಸಮೇತ ಕವರಿನಲ್ಲಿ ಸುತ್ತಿ, ಗಂಟು ಹಾಕಿ, ಒಳಗಿಟ್ಟೆ.

ಶನಿವಾರ ಕೆಲಸದ ಮೇಲೆ ಹೊರಗೆ ಹೋಗಿ ಮಧ್ಯಾಹ್ನ ಬಂದು ಫ್ರಿಜ್ ತೆಗೆದರೆ, ಪೆಟ್ಟಿಗೆ ಇಟ್ಟಲ್ಲೇ ಇತ್ತು. ಗಂಟು ಮಾತ್ರ ನನ್ನದಲ್ಲ. ರಟ್ಟಿನ ತಳ ಜಿಡ್ಡಿಗೆ ಮೆತ್ತಗಾಗಿತ್ತು.

"ಇದನ್ನ ಯಾರು ಮುಟ್ಟಿದ್ದು ಅಕ್ಕ?"

"ನಾನೇ ಕಣೋ. ಶ್ರಾವಣ ಶನಿವಾರ ದೇವರ ಪೂಜೆಗೆ ಎತ್ತಿಟ್ಟ ಆಲಿನ ಪಕ್ಕ ಮೊಟ್ಟೆ ಆಕಿದ್ದು ಇಡ್ತಾರಾ? ಬೆಳಿಗ್ಗೇನೇ ಎತ್ತಿ ಆಚೆ ಮಡಗಿದ್ದೆ. ಪೂಜೆ ಆದ್ಮೇಲೆ ಅಂಗೇ ಒಳಗಿಟ್ಟೆ."

"ಆಚೆ ಅಂದ್ರೆ ಎಲ್ಲಿ?"

"ವಾಷಿಂಗ್ ಮಿಷಿನ್ ಮೇಲೆ."

ಅದಿರುವ ಬಾಲ್ಕನಿಗೆ ಬೆಳಗಿನಿಂದಲೇ ನೇರ ಬಿಸಿಲು ಬೀಳುತ್ತದೆ. ಪೆಟ್ಟಿಗೆ ಬಿಚ್ಚಿದೆ. ಮೂರರಲ್ಲಿ ಎರಡೇ ಇದ್ದವು.

"ಉಂಡಾದ್ಮೇಲೆ ಕೇಳಿದ್ಲು, ಕೊಟ್ಟೆ. ಬಯಕೆ ತೀರಿಸ್ದಿದ್ರೆ ಮಗೀಗೆ ಕಿವಿ ಸೋರ್ತದೆ. ನಿನ್ನ ಕ್ಯಾಂಟೀನ್ ರೂಲ್ಸು ಬಸುರೀರ್ಗೂ ಆಕ್ತೀಯೇನೋ?"

ಮಗಳು ಕೋಣೆಯಿಂದಲೇ ನಕ್ಕಳು. "ಸಕ್ಕತ್ತಾಗಿತ್ತಪ್ಪ. ಏನಾಯ್ತೀಗ?"

ಉಳಿದೆರಡನ್ನು ಕಸಕ್ಕೆ ಹಾಕಿ ಪೆಟ್ಟಿಗೆಯನ್ನು ಮಡಚುವಾಗ ಮೂಲೆಯಲ್ಲಿ ಸಸ್ಯಾಹಾರದ ಗುರುತಿನ ಹಸಿರು ಚುಕ್ಕೆ ಕಾಣಿಸಿತು. ರೋಲಿನಲ್ಲಿ ಮೊಟ್ಟೆಯೇ ಇರಲಿಲ್ಲ. ಅಕ್ಕನಿಗೆ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಪೆಟ್ಟಿಗೆಯನ್ನು ನನ್ನ ಕೈಗೇ ವಾಪಸು ಕೊಟ್ಟಳು.

ಡಾಕ್ಟರಿಗೆ ಫೋನ್ ಮಾಡಿದೆ. ನೀರು ಕುಡಿಸಿ, ಕಾದು ನೋಡಿ, ಏನೇ ಆದರೂ ತಕ್ಷಣ ಬನ್ನಿ ಎಂದರು. ಕಾದೆವು. ಮಗಳು ಮಗ್ಗುಲು ಬದಲಿಸಿದರೂ ಸಾಕು, ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಸಂಜೆ ಅಕ್ಕ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಮಗಳು ಗೋಡೆ ಹಿಡಿದು ಹೊರಗೆ ಬಂದಳು.

"ಅಪ್ಪ, ಹೊಟ್ಟೆ ಹಿಡ್ಕೊಂಡಂಗಾಗ್ತಿದೆ."

ಆಟೊ ಹತ್ತುವ ಮೊದಲೇ ವಾಂತಿಯಾಯಿತು. ಅವಳ ಅಂಗೈ ಕಾದಿತ್ತು. ರಿಂಗ್ ರಸ್ತೆಯಲ್ಲಿ ವಾಹನಗಳು ಅಲುಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಹೊಟ್ಟೆಯ ಮೇಲೆ ಎದೆಬಡಿತ ಕೇಳಿಸುವ ಸಣ್ಣ ಯಂತ್ರ ಒತ್ತಿದರು. ಬರೀ ಗೊರಗೊರ ಸದ್ದು. "ಸ್ವಲ್ಪ ಈ ಕಡೆ ತಿರುಗಿ ಮೇಡಂ." ಮತ್ತೆ ಅದೇ ಸದ್ದು. ಮಗಳು ನನ್ನ ಮುಖ ನೋಡಿದಳು. ನಾನು ಯಂತ್ರವನ್ನೇ ನೋಡುತ್ತಿದ್ದೆ. ಆಮೇಲೆ ಎಲ್ಲೋ ಆಳದಿಂದ ಮಗುವಿನ ಎದೆಬಡಿತ, ತೀರಾ ಅವಸರದಲ್ಲಿ ಓಡುವಂತೆ, ಕೇಳಿಸಿತು. ಜ್ವರ ಏರುತ್ತಿದೆ, ಅಡ್ಮಿಟ್ ಮಾಡಬೇಕು ಎಂದರು.

ಅಕ್ಕ ಒಳಗೆ ಬಂದಿರಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು.

"ಬಡೀತಾ ಐತಾ?"

"ಐತೆ," ಎಂದೆ. "ಈಗ ಐತೆ."