ನೂರರ ಕೆಳಗೆ ಇಳಿಯುವ ಹಟ

ನಮ್ಮವರು ಬ್ಯಾಂಕಿನಿಂದ ನಿವೃತ್ತರಾಗಿ ಬನಹಟ್ಟಿಯ ಮನೆಗೆ ಮರಳಿದ ದಿನ, ಸಾಮಾನಿನ ಗಾಡಿಯಿಂದ ಕೊನೆಗೆ ಇಳಿದದ್ದು ಒಂದು ಉದ್ದನೆಯ ಚೀಲ. ಅದರ ತುಂಬ ಉಕ್ಕಿನ ಕೋಲುಗಳು. ಓಣಿಯ ಜನ ಸುತ್ತ ನಿಂತು ನೋಡಿದರು. ಎದುರು ಮನೆಯಲ್ಲಿ ವಿದ್ಯುತ್ ಮಗ್ಗ ರಿಪೇರಿ ಮಾಡುವ ಮೇಸ್ತ್ರಿ ಒಂದು ಕೋಲನ್ನು ಎತ್ತಿ, ಅಂಗೈ ಮೇಲೆ ತೂಗಿ, ಇದು ಯಾವ ಮಷೀನಿನ ಭಾಗ ಎಂದು ಕೇಳಿದ. ನಮ್ಮವರು ಅದನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಚೀಲಕ್ಕೆ ಸೇರಿಸಿದರು. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ನನ್ನ ಒಂದು ಸೀರೆಯನ್ನೂ ಅವರು ಅಷ್ಟು ಕಾಳಜಿಯಿಂದ ಮಡಚಿಟ್ಟದ್ದನ್ನು ನಾನು ಕಂಡಿಲ್ಲ.

ಗಾಲ್ಫ್ ಅವರಿಗೆ ಅಂಟಿದ್ದು ಕೊನೆಯ ಪೋಸ್ಟಿಂಗಿನಲ್ಲಿ. ಅಲ್ಲಿ ದೊಡ್ಡ ಅಧಿಕಾರಿಗಳು ಭಾನುವಾರ ಆಡಲು ಹೋಗುತ್ತಿದ್ದರು, ಇವರನ್ನೂ ಕರೆದರು. ಅಧಿಕಾರಿಗಳ ಮಾತು ಮೀರಬಾರದೆಂದು ಹೋದವರು, ಅಧಿಕಾರಿಗಳು ನಿವೃತ್ತರಾಗಿ ಹೋದರೂ ಬಿಡಲಿಲ್ಲ. ಈಗ ಇವರೂ ಸೇರಿ ನಾಲ್ವರು ಹಳೆಯ ಸಹೋದ್ಯೋಗಿಗಳು ಪ್ರತಿ ಚಳಿಗಾಲ ಬೆಳಗಾವಿಯಲ್ಲಿ ಸೇರಿ ಒಂದು ದಿನ ಆಡುತ್ತಾರೆ. ಹದಿನೆಂಟು ಕುಳಿ. ಪ್ರತಿ ಕುಳಿಗೂ ಎಷ್ಟು ಹೊಡೆತ ಬೇಕಾಯಿತೋ ಅಷ್ಟನ್ನೂ ಕೂಡಿಸುವುದು. ಯಾರ ಲೆಕ್ಕ ಕಡಿಮೆಯೋ ಅವರೇ ಗೆದ್ದಂತೆ. ನಮ್ಮವರಿಗೆ ಗೆಲ್ಲುವ ಆಸೆಯೇನೂ ಇರಲಿಲ್ಲ. ಜೀವನದಲ್ಲಿ ಒಮ್ಮೆ ನೂರು ಹೊಡೆತಕ್ಕಿಂತ ಕಡಿಮೆಯಲ್ಲಿ ಆಟ ಮುಗಿಸಬೇಕು, ಅಷ್ಟೆ. ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವರು ನೂರಾ ಹದಿನೆಂಟು ಮಾಡಿಕೊಂಡು ಬಂದು, ಎರಡು ದಿನ ಕೋಲಿನ ಚೀಲ ಮುಟ್ಟಲಿಲ್ಲ.

ಮೂರನೆಯ ದಿನದಿಂದ ಅಭ್ಯಾಸ ಶುರುವಾಯಿತು. ಅವರ ತಿಳುವಳಿಕೆಯಲ್ಲಿ ಅಭ್ಯಾಸವೆಂದರೆ ಎಲ್ಲಕ್ಕಿಂತ ಉದ್ದದ ಕೋಲು ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ, ಚೆಂಡು ಕಣ್ಣಿಗೆ ಕಾಣದಷ್ಟು ದೂರ ಹೊಡೆಯುವುದು. ಅದಕ್ಕೆ ಬನಹಟ್ಟಿಯಲ್ಲಿ ಜಾಗವಿಲ್ಲ. ಹುನ್ನೂರಿನಲ್ಲಿ ನನ್ನ ಅಣ್ಣನ ಎರೆಹೊಲ ಸುಗ್ಗಿ ಮುಗಿದು ಖಾಲಿ ಬಿದ್ದಿತ್ತು. ಬೇಸಿಗೆ ಕಾಲಿಟ್ಟಿದ್ದರಿಂದ ನೆಲ ಅಂಗೈ ಅಗಲದ ಬಿರುಕು ಬಿಟ್ಟಿತ್ತು. ಮೊದಲ ದಿನ ಇಪ್ಪತ್ತು ಚೆಂಡು ಒಯ್ದು ಒಂಬತ್ತನ್ನು ಮರಳಿ ತಂದರು. ಉಳಿದವು ಭೂಮಿಯೊಳಗೆ. ಅಣ್ಣ ಬಿರುಕಿನಲ್ಲಿ ತೋಳು ಇಳಿಸಿ ಹುಡುಕಿ ಸೋತು, ಬೆಳಗಾವಿಯಲ್ಲಿ ಹದಿನೆಂಟೇ ಕುಳಿ, ನಮ್ಮ ಹೊಲದಲ್ಲಿ ಸಾವಿರ ಇವೆ, ಭಾವನವರು ಇಲ್ಲೇ ಆಡಿದರೆ ಒಂದೊಂದಕ್ಕೂ ಒಂದೇ ಹೊಡೆತ ಸಾಕಲ್ಲ ಎಂದ. ನಮ್ಮವರಿಗೆ ಅದು ನಗುವ ಮಾತೆನಿಸಲಿಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಮಕ್ಕಳು ಎಲ್ಲಿ ತಪ್ಪುತ್ತಾರೆಂದು ನೋಡದೆ ಮತ್ತೆ ಮತ್ತೆ ಅದೇ ಲೆಕ್ಕ ಮಾಡಿಸುವುದು ನನಗೆ ಒಗ್ಗದ ಕೆಲಸ. ಒಂದು ಸಂಜೆ ಚಹಾ ಕೊಟ್ಟು, ಬೆಳಗಾವಿಯ ಆಟದ ಒಂದೊಂದು ಹೊಡೆತವನ್ನೂ ನೆನಪಿಸಿಕೊಂಡು ಹೇಳಿರಿ ಎಂದೆ. ಮದುವೆಯ ತಾರೀಖು ಮರೆಯುವ ಮನುಷ್ಯ ನೂರಾ ಹದಿನೆಂಟನ್ನೂ ಒಂದೂ ಬಿಡದೆ ಹೇಳಿದರು. ನಾನು ಬರೆದುಕೊಂಡು ವಿಂಗಡಿಸಿದೆ. ಉದ್ದ ಕೋಲಿನಿಂದ ಹೊಡೆದದ್ದು ಹದಿನಾಲ್ಕು. ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲಗೆ ತಳ್ಳಿದ್ದು ನಲವತ್ತೇಳು. ಉಳಿದವು ಈ ಎರಡರ ನಡುವಿನವು.

“ನೀವು ಊರಿಂದ ಊರಿಗೆ ಛಲೋ ಹೋಗ್ತೀರಿ,” ಎಂದೆ. “ಬಾಗಲದಾಗ ಬಂದು ಮನಿ ಒಳಗ ಹೋಗಾಕ ದಾರಿ ಸಿಗವಲ್ದು.”

ಅವರು ಕಾಗದ ತೆಗೆದುಕೊಂಡು ತಾವೂ ಒಮ್ಮೆ ಕೂಡಿಸಿ ನೋಡಿದರು. ಬ್ಯಾಂಕಿನವರಾದ್ದರಿಂದ ಅಂಕಿಯೊಂದಿಗೆ ಜಗಳವಾಡುವ ಅಭ್ಯಾಸ ಅವರಿಗಿರಲಿಲ್ಲ. ಮರುದಿನ ಉದ್ದ ಕೋಲು ಅಟ್ಟ ಏರಿತು.

ಹೀಗೆ ನಮ್ಮ ಪಡಸಾಲೆ ಮೈದಾನವಾಯಿತು. ಜಮಖಾನೆ ಹಾಸಿ, ಆ ತುದಿಯಲ್ಲಿ ಒಂದು ಸ್ಟೀಲಿನ ಲೋಟವನ್ನು ಅಡ್ಡ ಮಲಗಿಸುವುದು. ಚೆಂಡಿನ ಮುಂದೆ ಎರಡು ಲೋಟ ನಿಲ್ಲಿಸಿ, ನಡುವೆ ಚೆಂಡು ಮಾತ್ರ ಹಾಯುವಷ್ಟು ಸಂದು ಬಿಡುವುದು. ಚೆಂಡು ಆ ಸಂದಿನಿಂದ ನೇರ ಹಾದು ಮಲಗಿದ ಲೋಟದೊಳಗೆ ಹೋಗಬೇಕು. ಮೂರು ಹೆಜ್ಜೆ ದೂರದಿಂದ ಸತತ ಹನ್ನೆರಡು ಸಲ. ನಡುವೆ ಒಂದು ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ. ಈ ಕೊನೆಯ ನಿಯಮ ನನ್ನದು. ಮಗ್ಗಿ ಬಾಯಿಪಾಠ ಮಾಡಿಸಿದವಳಿಗೆ ಅದು ಸಹಜ. ಅವರಿಗೆ ಮಾತ್ರ ಅದು ಕ್ರೂರವೆನಿಸಿತು. ಮೊದಲ ವಾರ ಐದರ ಆಚೆ ಹೋಗಲಿಲ್ಲ. ಎರಡನೆಯ ವಾರ ಒಮ್ಮೆ ಹನ್ನೊಂದಾಗಿ, ಹನ್ನೆರಡನೆಯದಕ್ಕೆ ಕೋಲು ಹಿಂದೆಳೆಯುವಾಗ ಅಡಿಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಚೆಂಡು ಸೋಫಾದ ಅಡಿಗೆ ಹೋಯಿತು. ನಾನು ಬೇಕೆಂದೇ ಆ ಹೊತ್ತಿಗೆ ಬೇಳೆ ಇಟ್ಟಿದ್ದೆ ಎಂದು ಅವರು ಈಗಲೂ ಹೇಳುತ್ತಾರೆ. ನಾನು ಅಲ್ಲಗಳೆದಿಲ್ಲ.

ಇದನ್ನೆಲ್ಲ ನಮ್ಮ ಅತ್ತೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಎಂಬತ್ತು ದಾಟಿದ ಅವರು ಕೈಮಗ್ಗದಲ್ಲಿ ಸೀರೆ ನೇಯ್ದು ಮನೆ ನಡೆಸಿದವರು. ಮಗ ಕೋಲಿನಿಂದ ಚೆಂಡು ತಳ್ಳುವುದನ್ನು ಒಂದು ತಿಂಗಳು ನೋಡಿದರು. ಒಂದು ಮಧ್ಯಾಹ್ನ ಚೆಂಡು ನಾಲ್ಕು ಸಲ ಸಾಲಾಗಿ ಲೋಟದ ಅಂಚಿಗೆ ಬಡಿದು ಹೊರಳಿದಾಗ, ತಡೆಯಲಾರದೆ ಮಾತಾಡಿದರು.

“ಲೇ ತಮ್ಮಾ, ಚೆಂಡಿನ ಹಿಂದ ಕಣ್ಣ ಯಾಕ ಓಡಸ್ತಿ? ನಾ ನಲವತ್ತ ವರ್ಷ ಮಗ್ಗದಾಗ ಕುಂತೇನಿ. ನೂಲ ಸುತ್ತಿದ ಲಾಳಿ ಆ ಕಡಿ ಒಗದ ಮ್ಯಾಲ ಅದರ ಹಿಂದ ಒಂದ ದಿನಾನೂ ನೋಡಿಲ್ಲ. ಸಪ್ಪಳ ಕೇಳಿದ್ರ ಗೊತ್ತಾಗತೈತಿ, ಮುಟ್ತೋ ಇಲ್ಲೋ ಅಂತ.”

ನಮ್ಮವರು, ಅವ್ವಾ ಇದು ಬೇರೆ ಆಟ ಎಂದು ತಿಳಿಸಿ ಹೇಳಲು ಹೋದರು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಎದ್ದು ಬಂದು, ತಮ್ಮ ನೂಲಿನ ಡಬ್ಬಿಯಿಂದ ಗೇಣುದ್ದ ಕೆಂಪು ನೂಲು ತೆಗೆದು, ಚೆಂಡು ಇಡುವ ಜಾಗದಲ್ಲಿ ಜಮಖಾನೆಗೆ ಗಂಟು ಹಾಕಿದರು. ಚೆಂಡು ಹೋದ ಮೇಲೂ ಈ ಗಂಟನ್ನೇ ನೋಡಬೇಕು, ಲೋಟ ಟಣ್ ಎಂದ ಮೇಲೆ ತಲೆ ಎತ್ತಬೇಕು, ಟಣ್ ಎನ್ನದಿದ್ದರೆ ಎತ್ತಿ ನೋಡಿ ಮಾಡುವುದೇನಿದೆ ಎಂದರು. ಅರವತ್ತೊಂದರ ಮಗ ತಾಯಿಗೆ ಹೆದರಿ ಹಾಗೆಯೇ ಮಾಡಿದ. ಟಣ್ ಎಂದಿತು. ಮತ್ತೆ ಟಣ್. ಆ ಸಂಜೆಯೇ ಹನ್ನೆರಡಾಯಿತು. ಅವರು ಇಷ್ಟು ದಿನ ಹೊಡೆಯುವ ಮೊದಲೇ ತಲೆ ಎತ್ತುತ್ತಿದ್ದರು, ತಲೆಯ ಜೊತೆ ಭುಜ, ಭುಜದ ಜೊತೆ ಕೋಲು ತಿರುಗುತ್ತಿತ್ತು. ಎದುರಿಗೆ ನಿಂತು ಎಣಿಸುತ್ತಿದ್ದ ನನಗೂ ಅದು ಕಂಡಿರಲಿಲ್ಲ. ನಾನು ಲೋಟ ನೋಡುತ್ತಿದ್ದೆ, ಅತ್ತೆ ಮಗನನ್ನು ನೋಡುತ್ತಿದ್ದರು.

ಎರಡನೆಯ ಪಾಠಕ್ಕೆ ಮಾಳಿಗೆ ಏರಬೇಕಾಯಿತು. ಕುಳಿಯ ಹತ್ತಿರ ಬಂದು, ಚೆಂಡನ್ನು ತುಸುವೇ ಎತ್ತರಕ್ಕೆ ಎಬ್ಬಿಸಿ ಬೇಕಾದ ಜಾಗದಲ್ಲಿ ಇಳಿಸುವ ಹೊಡೆತ ಅವರಿಗೆ ಬರುತ್ತಲೇ ಇರಲಿಲ್ಲ. ಮಾಳಿಗೆಯ ಆ ತುದಿಯಲ್ಲಿ ಹಳೆಯ ಸೀರೆಗಳನ್ನು ಹೊಲಿದ ಕೌದಿ ನಾಲ್ಕು ಮಡಿಕೆ ಮಾಡಿ ಹಾಸಿದೆ. ಇಪ್ಪತ್ತು ಚೆಂಡಿನಲ್ಲಿ ಹತ್ತಾದರೂ ಕೌದಿಯ ಮೇಲೆ ಬೀಳಬೇಕು. ಮೊದಲ ದಿನ ಮೂರು ಬಿದ್ದವು. ಒಂದು ಪಕ್ಕದ ಮಾಳಿಗೆಗೆ ಹಾರಿ, ಅಲ್ಲಿ ಒಣಗಲು ಹಾಕಿದ್ದ ಸಂಡಿಗೆಯ ನಡುವೆ ಕುಳಿತುಕೊಂಡಿತು. ಸಂಜೆ ಆ ಮನೆಯ ಹಿರಿಯಾಕೆ ಚೆಂಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಅತ್ತೆಗೆ ಕೇಳಿಸದಂತೆ ನನ್ನ ಕಿವಿಯಲ್ಲಿ, “ನಿಮ್ಮ ಮನಿ ತತ್ತಿ ನಮ್ಮ ಮಾಳಗಿ ಮ್ಯಾಲ ಬಿದ್ದಿತ್ರೀ” ಎಂದರು. ನಾವು ಮೊಟ್ಟೆ ತಿನ್ನದ ಮನೆಯವರು. ಅತ್ತೆಗೆ ತಿಳಿಯದಂತೆ ಮಗ ಕದ್ದು ತಿನ್ನುತ್ತಿರಬಹುದು, ಯಾಕೆ ಬಯಲಿಗಿಡಬೇಕು ಎಂಬ ಮರ್ಯಾದೆ ಆಕೆಯದು. ನಾನು ಚೆಂಡನ್ನು ನೆಲಕ್ಕೆ ಪುಟಿಸಿ ತೋರಿಸಿದ ಮೇಲೆ ಆಕೆಗೆ ಸ್ವಲ್ಪ ನಿರಾಸೆಯೇ ಆಯಿತು.

ಇನ್ನೊಂದು ಸಂಗತಿಯೂ ಅಲ್ಲಿಯೇ ಗೊತ್ತಾಯಿತು. ನಮ್ಮ ಸುತ್ತಲಿನ ಶೆಡ್ಡುಗಳಲ್ಲಿ ಮಗ್ಗಗಳು ದಿನವಿಡೀ ಖಟಪಟ ಎನ್ನುತ್ತವೆ. ನಮ್ಮವರ ಕೈ ತಿಳಿಯದೆಯೇ ಆ ವೇಗಕ್ಕೆ ಸೇರಿಕೊಂಡು ಬಿರುಸಾಗಿ ಬೀಸುತ್ತಿತ್ತು. ಕರೆಂಟು ಹೋಗಿ ಓಣಿ ಗಪ್ಪಾದಾಗ ಮಾತ್ರ ಚೆಂಡು ಮೆತ್ತಗೆ ಕೌದಿಯ ಮೇಲೆ ಇಳಿಯುತ್ತಿತ್ತು. ಇಡೀ ಬನಹಟ್ಟಿ ಕರೆಂಟಿನವರನ್ನು ಬೈಯುವ ಹೊತ್ತಿನಲ್ಲಿ ಇವರೊಬ್ಬರು ಕೋಲು ಹಿಡಿದು ಲಗುಬಗೆಯಿಂದ ಮಾಳಿಗೆ ಏರುತ್ತಿದ್ದರು. ಮುಂದೆ ಬಾಯಲ್ಲಿ ನಿಧಾನವಾಗಿ ಒಂದು, ಎರಡು ಎಂದು ಎಣಿಸಿ ಬೀಸುವುದನ್ನು ರೂಢಿ ಮಾಡಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಇಪ್ಪತ್ತರಲ್ಲಿ ಹನ್ನೆರಡು ಕೌದಿಯ ಮೇಲೆ ಬೀಳತೊಡಗಿದ್ದವು.

ಆ ಚಳಿಗಾಲ ನಾನೂ ಬೆಳಗಾವಿಗೆ ಹೋದೆ. ಎಂಟು ತಿಂಗಳು ಎಣಿಸಿದವಳಿಗೆ ಕೊನೆಯ ಎಣಿಕೆಯನ್ನು ಬೇರೆಯವರಿಗೆ ಬಿಡಲು ಮನಸ್ಸಾಗಲಿಲ್ಲ. ನಸುಕಿನಲ್ಲಿ ಹೊರಟು, ಗೋಕಾಕದಲ್ಲಿ ಚಹಾ ಕುಡಿದು, ಬಿಸಿಲೇರುವ ಮೊದಲೇ ಮೈದಾನ ಮುಟ್ಟಿದೆವು. ಸೀರೆಯ ಕೆಳಗೆ ಮಗಳ ಹಳೆಯ ಬೂಟು ಹಾಕಿಕೊಂಡು, ನೋಟುಬುಕ್ಕು ಹಿಡಿದು ಅವರ ಹಿಂದೆ ನಡೆದೆ. ಅವರ ಲೆಕ್ಕ ನಾನೇ ಬರೆಯುವುದೆಂದು ಗೆಳೆಯರು ಒಪ್ಪಿದರು. ಹೊರಡುವ ಮೊದಲು ನಮ್ಮವರು ನನಗೊಂದು ನಿಯಮ ಹೇಳಿಕೊಟ್ಟಿದ್ದರು. ಹೊಡೆಯಬೇಕೆಂದು ಬೀಸಿದ ಮೇಲೆ ಕೋಲು ಚೆಂಡಿಗೆ ತಾಗಲಿ ಬಿಡಲಿ, ಅದು ಒಂದು ಹೊಡೆತ.

ಅವತ್ತು ಅವರು ಚೆನ್ನಾಗಿ ಆಡಿದರು. ಚೆಂಡು ಬಹಳ ದೂರವೇನೂ ಹೋಗಲಿಲ್ಲ. ಆದರೆ ಹುಲ್ಲಿನ ಮೇಲೆ ಬಂದ ಮೇಲೆ ತಲೆ ತಗ್ಗಿಸಿ ನಿಂತು, ಇಲ್ಲದ ಕೆಂಪು ನೂಲನ್ನು ನೋಡುತ್ತ ತಳ್ಳುತ್ತಿದ್ದರು. ಸಪ್ಪಳವಾದ ಮೇಲೆಯೇ ಮುಖ ಎತ್ತುತ್ತಿದ್ದರು. ಗೆಳೆಯರು ಹತ್ತನೆಯ ಕುಳಿಯ ಹೊತ್ತಿಗೆ ತಮಾಷೆ ನಿಲ್ಲಿಸಿ ಲೆಕ್ಕ ಕೇಳಲು ಶುರು ಮಾಡಿದರು.

ಹದಿನಾಲ್ಕನೆಯ ಕುಳಿಯಲ್ಲಿ ಚೆಂಡು ಒಂದು ಮರದ ಬುಡದಲ್ಲಿ, ಒಣ ಹುಲ್ಲಿನೊಳಗೆ ಸಿಕ್ಕಿಕೊಂಡಿತು. ಉಳಿದ ಮೂವರು ಆಚೆ ಬದಿಯಲ್ಲಿ ಕಳೆದುಹೋದ ಇನ್ನೊಂದು ಚೆಂಡನ್ನು ಹುಡುಕುತ್ತಿದ್ದರು. ಇವರು ಕಾಲು ಊರಿ, ಎಣಿಸಿ, ಬೀಸಿದರು. ಹುಲ್ಲು ಹಾರಿತು. ಚೆಂಡು ಇದ್ದಲ್ಲಿಯೇ ಇತ್ತು. ಅವರು ಒಮ್ಮೆ ಆಚೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ನೋಟುಬುಕ್ಕು ನೋಡಿದೆ. ಅವರು ಮತ್ತೆ ಬೀಸಿದರು, ಚೆಂಡು ಹೊರಬಂತು. ನಾನು ಒಂದೇ ಗೆರೆ ಹಾಕಿದೆ.

ಪಕ್ಕದವರ ಹಾಳೆ ಇಣುಕಿ ನೋಡಿದ್ದಕ್ಕೆ ಎಷ್ಟೋ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದವಳು ನಾನು. ಆ ಒಂದು ಗೆರೆ ಹಾಕಿ, ನೋಟುಬುಕ್ಕು ಮುಚ್ಚಿ ಅವರ ಹಿಂದೆ ನಡೆದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕೊನೆಯ ಕುಳಿಗೆ ಬಂದಾಗ ನನ್ನ ಪುಸ್ತಕದಲ್ಲಿ ತೊಂಬತ್ಮೂರು ಇತ್ತು. ಐದು ಹೊಡೆತಕ್ಕೆ ಚೆಂಡು ಕುಳಿಯಿಂದ ಮೂರು ಹೆಜ್ಜೆ ದೂರ ನಿಂತಿತು. ಇದೊಂದು ಬಿದ್ದರೆ ತೊಂಬತ್ತೊಂಬತ್ತು ಎಂದು ಗೆಳೆಯರಲ್ಲೊಬ್ಬರು, ಉಳಿದವರು ಬೇಡವೆಂದರೂ, ಹೇಳಿಬಿಟ್ಟರು. ನಮ್ಮವರು ತಲೆ ತಗ್ಗಿಸಿದರು. ಚೆಂಡು ಹೋಯಿತು. ಅವರು ನೆಲವನ್ನೇ ನೋಡುತ್ತಿದ್ದರು. ಕುಳಿಯೊಳಗೆ ಸಪ್ಪಳವಾಯಿತು.

ಮೂವರೂ ಬಂದು ಅವರ ಕೈ ಹಿಡಿದು ಕುಲುಕಿದರು. ಒಬ್ಬರು ಫೋಟೊ ತೆಗೆಯಲು ಮೊಬೈಲು ಹೊರತೆಗೆದರು. ನಮ್ಮವರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು.

“ತೊಂಬತ್ತೊಂಬತ್ತಲ್ರಿ, ನೂರು,” ಎಂದರು. “ಹದಿನಾಲ್ಕರಾಗ ಒಂದು ಗಾಳಿಗೆ ಹೋತು. ಇಕಿ ಬರಿಯೂದು ಮರತಾಳ.”

ಹಿಂದಿರುಗುವಾಗ ಕಾರನ್ನು ಅವರೇ ನಡೆಸುತ್ತಿದ್ದರು. ಗೋಕಾಕ ದಾಟಿದ ಮೇಲೆ ನಾನೇ, ನಾನು ಮರೆತಿರಲಿಲ್ಲ ಎಂದೆ. ಗೊತ್ತು ಎಂದರು. ಸ್ವಲ್ಪ ದೂರ ಹೋದ ಮೇಲೆ, ಎಂಟು ತಿಂಗಳು ಒಂದು ತಪ್ಪಿದರೆ ಒಂದರಿಂದ ಎಣಿಸಿದವಳು ಇವತ್ತು ಯಾಕೆ ಸಡಿಲ ಬಿಟ್ಟೆ ಎಂದು ಕೇಳಿದರು. ಉತ್ತರ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹಸಿವಾಗಿದೆ, ಎಲ್ಲಾದರೂ ನಿಲ್ಲಿಸಿರಿ ಎಂದೆ.

ಮನೆಯಲ್ಲಿ ಅತ್ತೆ ಉಣ್ಣದೆ ಕಾಯುತ್ತಿದ್ದರು. ಎಷ್ಟಾಯಿತು ಎಂದು ಕೇಳಿದರು. ನೂರು ಎಂದು ಇವರು ಸಣ್ಣ ದನಿಯಲ್ಲಿ ಹೇಳಿದರು. ಈ ಆಟದಲ್ಲಿ ಕಡಿಮೆಯಾದಷ್ಟೂ ಒಳ್ಳೆಯದೆಂದು ಅತ್ತೆಗೆ ಯಾರೂ ತಿಳಿಸಿರಲಿಲ್ಲ. ಅವರು ಎರಡೂ ಕೈಯಿಂದ ಮಗನ ಮುಖ ಸವರಿ, ದೃಷ್ಟಿ ತಾಗದಂತೆ ನೆಟಿಗೆ ಮುರಿದರು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಓಣಿಯ ಆರೇಳು ಮನೆಗೆ ಸಕ್ಕರೆ ಹಂಚಿ, ತಮ್ಮ ಮಗ ಬೆಳಗಾವಿಯಲ್ಲಿ ನೂರಕ್ಕೆ ನೂರು ತೆಗೆದುಕೊಂಡು ಬಂದಿದ್ದಾನೆಂದು ಹೇಳಿ ಬಂದಿದ್ದರು. ಮಗ್ಗದ ಮೇಸ್ತ್ರಿ ಹಾರ ತಂದು ಹಾಕಿದ. ನಮ್ಮವರು ಹಾರ ಹಾಕಿಸಿಕೊಂಡು ನನ್ನ ಕಡೆ ನೋಡಿದ ನೋಟದಲ್ಲಿ, ಏನಾದರೂ ಮಾಡು ಎಂಬ ಬೇಡಿಕೆ ಇತ್ತು. ನಾನು ಮೇಸ್ತ್ರಿಗೆ ಚಹಾ ಮಾಡಲು ಒಳಗೆ ಹೋದೆ.

ಯುಗಾದಿಗೆ ಮುಂಚೆ ಅವರು ಗೆಳೆಯರೊಂದಿಗೆ ಮತ್ತೊಮ್ಮೆ ಆಡಿ ಬಂದರು. ಈ ಸಲ ನಾನು ಹೋಗಿರಲಿಲ್ಲ. ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲೇ ತೊಂಬತ್ತೇಳು ಎಂದು ಕೂಗಿ ಹೇಳಿದರು. ಅಷ್ಟು ಹಿಗ್ಗಿದ್ದನ್ನು ನಾನು ಪ್ರಮೋಷನ್ ಬಂದಾಗಲೂ ಕಂಡಿರಲಿಲ್ಲ. ಅತ್ತೆ ಕುರ್ಚಿಯಿಂದ ಎದ್ದು ಹತ್ತಿರ ಬಂದು ಮಗನ ಬೆನ್ನ ಮೇಲೆ ಕೈಯಾಡಿಸಿದರು.

“ಇರ್ಲಿ ಬಿಡೋ ತಮ್ಮಾ. ಮೂರ ಕಡಿಮಿ ಆದ್ರ ಏನಾತು, ಮುಂದಿನ ಸಲ ತಗೋತಿ.”