ರೆಕ್ಸಿನ್ ಹೊದಿಕೆ

ನನ್ನನ್ನು ಯಾರು, ಎಂದು, ಯಾವ ಮಾತಿನಲ್ಲಿ ಹಗುರಾಗಿ ಕಂಡರೆಂಬುದನ್ನು ನಾನು ಮರೆಯುವವನಲ್ಲ. ಆದ್ದರಿಂದಲೇ ನಾನು ಮಾಡಿದ ಈ ಅನ್ಯಾಯವನ್ನೂ ಮರೆಯಲಾಗಿಲ್ಲ.

ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಹೊರಟು, ವಿಶಾಖಪಟ್ಟಣದಲ್ಲಿ ಕೆಲವು ವರ್ಷ ದುಡಿದು, ಕೊನೆಗೆ ವಿಜಯವಾಡದ ಪಟಮಟದಲ್ಲಿ ನೆಲೆನಿಂತವರು ನಾವು. ವಿಶಾಖಪಟ್ಟಣದ ಉಪ್ಪುಗಾಳಿ ನಮ್ಮ ಮೊದಲ ಏಸಿಯ ಹೊರಗಿನ ಪೆಟ್ಟಿಗೆಯನ್ನು ತುಕ್ಕುಹಿಡಿಸಿ ತಿಂದುಹಾಕಿತ್ತು. ಆ ಪಾಠವನ್ನು ಇಲ್ಲಿಗೂ ಹೊತ್ತು ತಂದೆ. ಹೊಸ ಏಸಿಗೆ ಅಳತೆ ಕೊಟ್ಟು ರೆಕ್ಸಿನ್ ಹೊದಿಕೆ ಹೊಲಿಸಿದೆ. ಫ್ಯಾನಿನ ಮುಖವೊಂದನ್ನು ಬಿಟ್ಟು ಉಳಿದೆಲ್ಲ ಬದಿಗಳನ್ನೂ ಅದು ಮುಚ್ಚುತ್ತಿತ್ತು. ಸಮುದ್ರ ಇಲ್ಲಿಂದ ಬಹಳ ದೂರವೆಂಬುದು ನನ್ನ ಲೆಕ್ಕಕ್ಕೇ ಬರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ಏಸಿ ಕೋಣೆಯನ್ನು ತಣ್ಣಗಾಗಿಸುವುದನ್ನು ನಿಲ್ಲಿಸಿತು. ಕರೆಸಿದ ಮೆಕ್ಯಾನಿಕ್ ಹೇಳಿದ ಸಮಯಕ್ಕಿಂತ ನಲವತ್ತು ನಿಮಿಷ ತಡವಾಗಿ ಬಂದ. ಬಂದವನೇ ಹೊದಿಕೆ ಬಿಚ್ಚಿ, ನೀಟಾಗಿ ಮಡಿಸಿ ನನ್ನ ಕೈಗಿಟ್ಟ. ಎರಡು ಗಂಟೆ ಬಾಲ್ಕನಿಯ ಬಿಸಿಲಲ್ಲಿ ಕೂತು ಎಲ್ಲವನ್ನೂ ತೊಳೆದ. ಹೋಗುವಾಗ ನಗುತ್ತ, “ಇದಿಂಕ ವದ್ದು ತಾತಗಾರೂ, ಇನ್ನು ಇದನ್ನು ಕಟ್ಟಬೇಡಿ. ಹಿಂದಿನಿಂದ ಗಾಳಿ ಎಳಕೋಬೇಕು ಅದು. ನಿಮಗೆ ಈ ಬಿಸಿಲಲ್ಲಿ ಕಂಬಳಿ ಹೊದಿಸಿದರೆ ಹೇಗಿರುತ್ತೆ?” ಎಂದ.

ಮೂವತ್ತೈದು ವರ್ಷ ‘ಸಾರ್’ ಎನ್ನಿಸಿಕೊಂಡ ಕಿವಿಗೆ ‘ತಾತಗಾರು’ ಚುಚ್ಚಿತು. ಕಂಬಳಿಯ ಮಾತು ಇನ್ನೂ ಆಳಕ್ಕೆ ಇಳಿಯಿತು. ಎರಡು ದಿನ ಕೋಣೆ ಚೆನ್ನಾಗಿ ತಂಪಾಗಿತ್ತು. ಮೂರನೆಯ ದಿನ ಬೆಳಗ್ಗೆ ನಾನು ಹೊದಿಕೆಯನ್ನು ಮತ್ತೆ ಕಟ್ಟಿದೆ, ನಾಲ್ಕೂ ಗಂಟು ಬಿಗಿಯಾಗಿ. ಮಧ್ಯಾಹ್ನ ಏಸಿ ನಿಂತಿತು.

ಅಪಾರ್ಟ್‌ಮೆಂಟಿನ ಸಂಘಕ್ಕೆ ನಾನೇ ಕಾರ್ಯದರ್ಶಿ. ಸಂಜೆಯೊಳಗೆ ಲಿಫ್ಟಿನ ಪಕ್ಕದಲ್ಲಿ ನೋಟಿಸು ಅಂಟಿಸಿದೆ: ಸಮಯಪಾಲನೆಯಿಲ್ಲ, ವಿನಯವಿಲ್ಲ, ಕೆಲಸ ನೆಚ್ಚಿಕೆಗೆ ಯೋಗ್ಯವಲ್ಲ; ಈ ಮೆಕ್ಯಾನಿಕ್‌ನನ್ನು ಒಳಗೆ ಬಿಡತಕ್ಕದ್ದಲ್ಲ. ನಮ್ಮಲ್ಲಿ ನಲವತ್ತು ಮನೆಗಳಿದ್ದವು, ಬಹುಪಾಲು ಮನೆಗಳ ಏಸಿಗಳನ್ನು ನೋಡಿಕೊಳ್ಳುತ್ತಿದ್ದವನು ಅವನೇ. ವರ್ಷದ ದುಡಿಮೆಯನ್ನು ಅವನು ಬೇಸಿಗೆಯ ಮೂರು ತಿಂಗಳಲ್ಲೇ ದುಡಿದುಕೊಳ್ಳಬೇಕಿತ್ತು. ಇದೆಲ್ಲ ನನಗೆ ಗೊತ್ತಿತ್ತು, ಗೊತ್ತಿದ್ದೇ ಅಂಟಿಸಿದೆ.

ವಾರದ ನಂತರ ಗವರ್ನರ್‌ಪೇಟೆಯ ಅಂಗಡಿಯಿಂದ ನನ್ನಷ್ಟೇ ವಯಸ್ಸಾದ ಮತ್ತೊಬ್ಬ ಮೆಕ್ಯಾನಿಕ್ ಬಂದರು. ಏಸಿ ಹಾಕಿಸಿ, ಅದು ಮತ್ತೆ ನಿಂತ ಮೇಲೆ ಹೊದಿಕೆ ಬಿಚ್ಚಿ, ಪೆಟ್ಟಿಗೆಯ ಹಿಂಬದಿಗೆ ಕೈಯಿಟ್ಟು ತಟ್ಟನೆ ಹಿಂತೆಗೆದರು. ಸ್ವಲ್ಪ ಹೊತ್ತು ಆರಲು ಬಿಟ್ಟು ಮತ್ತೆ ಚಾಲೂ ಮಾಡಿದರು. ಕೋಣೆ ತಂಪಾಯಿತು.

“ಇದರಲ್ಲಿ ಏನೂ ಕೆಟ್ಟಿಲ್ಲ ಸಾರ್. ಮೊನ್ನೆ ಯಾರೋ ಬಹಳ ಶುಭ್ರವಾಗಿ ಸರ್ವಿಸ್ ಮಾಡಿದ್ದಾರೆ. ಅವರನ್ನು ಬಿಡಬೇಡಿ. ಇದನ್ನು ಕಟ್ಟಿದ್ದು ಯಾರು?”

ನಾನು ಹೊದಿಕೆಯನ್ನು ಮಡಿಸಿ ಒಳಗಿಟ್ಟೆ. ಅವರನ್ನು ಗೇಟಿನವರೆಗೆ ಕಳಿಸಲು ಹೋದಾಗ ವಾಚ್‌ಮನ್ ತಾನಾಗಿಯೇ ವರದಿ ಒಪ್ಪಿಸಿದ: “ಮೊನ್ನೆ ಆ ಮೆಕ್ಯಾನಿಕ್ ಮೂರನೇ ಮಹಡಿಗೆ ಅಂತ ಬಂದಿದ್ದ ಸಾರ್. ನೀವು ಹೇಳಿದ ಹಾಗೆ ಇಲ್ಲಿಂದಲೇ ಕಳಿಸಿಬಿಟ್ಟೆ. ನೋಟಿಸಿನಲ್ಲಿ ಏನು ಬರೆದಿದೆ, ಓದಿ ಹೇಳು ಅಂದ. ಓದಿದೆ. ಏಣಿ ಹೊತ್ತುಕೊಂಡು ಹೋದ.”

ಮನೆಗೆ ಬಂದು ಹೊಸ ನೋಟಿಸು ಬರೆಯಲು ಕುಳಿತೆ. ‘ತಾಂತ್ರಿಕ ಕಾರಣಗಳಿಂದ ತಪ್ಪು ಗ್ರಹಿಕೆ ಉಂಟಾಗಿದ್ದು’ ಎಂಬಷ್ಟು ಬರೆದಾಗ ಹೆಂಡತಿ ಹಿಂದಿನಿಂದ ಓದಿದಳು.

“ಹೌದಾ? ಆ ಹೊದಿಕಿ ತಾನಽ ಹಾರಿ ಬಂದು ಗಂಟು ಹಾಕ್ಕೊಂಡಿತ್ತೇನ್ರೀ?”

ಹಾಳೆ ಹರಿದು ಮತ್ತೆ ಬರೆದೆ: ಮೆಕ್ಯಾನಿಕ್‌ನ ಕೆಲಸ ಸರಿಯಾಗಿತ್ತು, ಅವನ ಮಾತು ಮೀರಿ ಹೊದಿಕೆ ಕಟ್ಟಿ ಯಂತ್ರವನ್ನು ನಿಲ್ಲಿಸಿದವನು ನಾನು. ಕೆಳಗೆ ಸಹಿ ಹಾಕಿ, ಹಳೆಯ ನೋಟಿಸು ಕಿತ್ತು ಇದನ್ನು ಅಂಟಿಸಿದೆ. ಅವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆರಡು ಸಲ ಮಾಡಿದೆ.

ಮೇ ತಿಂಗಳ ಕೊನೆಗೆ ನೆಲಮಹಡಿಯವರು ಕರೆದರೆಂದು ಅವನು ಬಂದ. ಅಷ್ಟರಲ್ಲಿ ಬೇಸಿಗೆ ಬಹುಪಾಲು ಕಳೆದಿತ್ತು. ಹೆಚ್ಚಿನ ಮನೆಯವರು ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದರು. ಮೇಲೆ ಬಂದಾನೆಂದು ಬಾಗಿಲು ತೆರೆದಿಟ್ಟು, ಹೇಳಬೇಕಾದ ಮಾತನ್ನು ತೆಲುಗಿನಲ್ಲಿ ಜೋಡಿಸಿಕೊಂಡು ಕಾದೆ. ಅವನು ಬರಲಿಲ್ಲ. ಬಾಲ್ಕನಿಗೆ ಹೋಗಿ ಬಗ್ಗಿದಾಗ ಏಣಿಯನ್ನು ಗಾಡಿಗೆ ಕಟ್ಟುತ್ತಿದ್ದ. ಕತ್ತೆತ್ತಿ ನಮ್ಮ ಬಾಲ್ಕನಿಯತ್ತ ನೋಡಿದ. ನಾನು ಕೈ ಎತ್ತಿದೆ. ಅವನ ಕಣ್ಣು ನನ್ನ ಮೇಲಿರಲಿಲ್ಲ. ಬರಿಮೈಯಲ್ಲಿ ತಿರುಗುತ್ತಿದ್ದ ಯಂತ್ರವನ್ನು ಒಂದು ಕ್ಷಣ ನೋಡಿ, ಗಾಡಿ ಹತ್ತಿ ಹೊರಟುಹೋದ.